ದಂಡೆ ಇಲ್ಲದ ಚಿತ್ರ

– ಹೆಸರು, ಇಸವಿ ಆಮ್ಯಾಲ ಹೇಳತೀನಿ. ಮೊದಲು ಈ ಚಿತ್ರದಾಗ ನಿನಗೇನು ಕಾಣತೈತಿ, ಅದನ್ನ ಹೇಳವಾ.

– ಮಂದಿ ಕಾಣತಾರ ಸರ್. ಹಡಗು ಪೂರಾ ಒಂದು ಮಗ್ಗಲಿಗೆ ಹೊರಳೇತಿ, ಅದರ ಡೆಕ್ ನಮ್ಮ ಕಡೆನ ವಾಲೇತಿ. ಮಂದಿ ಒಬ್ಬರಿಗೊಬ್ಬರು ಆತುಕೊಂಡು, ಕೈಗೆ ಸಿಕ್ಕದ್ದನ್ನ ಹಿಡಕೊಂಡು ಜೋತು ಬಿದ್ದಾರ. ಮುರಿದ ಹಾಯಿಕಂಬ, ಹಗ್ಗ. ಉಳಿದದ್ದೆಲ್ಲ ನೀರು. ನೀರೋ, ಮಂಜೋ, ಹೊಗೆಯೋ, ಬಿಡಿಸಿ ಹೇಳಾಕ ಬರಂಗಿಲ್ಲ.

– ಬಂಡೆಗಲ್ಲು?

– ಅದ ಕಾಣವಲ್ದು. ಬಂಡೆಗೆ ಬಡಿದು ಒಡೆದ ಹಡಗು ಅಂತ ಫೋನಿನಾಗ ಹೇಳಿದ್ರಿ ನೀವು.

– ಹೇಳಿದ್ದು ಖರೆ. ಬಂಡೆ ಎಲ್ಲಿ ಹೋತು ಅನ್ನೋ ಪ್ರಶ್ನೆ ಕೈಯಾಗ ಇಟಗೊ, ಆಮ್ಯಾಲ ಅದಕ್ಕ ಬರೋಣ. ಇದು ಇಂಗ್ಲೆಂಡಿನ ಕಲಾವಿದ ಟರ್ನರನ ಜಲವರ್ಣ, 1818ರ ಸುಮಾರಿನದು. ‘ಲಾಸ್ ಆಫ್ ಆ್ಯನ್ ಈಸ್ಟ್ ಇಂಡಿಯಾಮನ್’. ಮೂಲ ಇರೋದು ಇಂಗ್ಲೆಂಡಿನ ಬೆಡ್‌ಫರ್ಡ್ ಊರಿನ ಹಿಗಿನ್ಸ್ ಸಂಗ್ರಹಾಲಯದಾಗ. ಎತ್ತರ 28 ಸೆಂಟಿಮೀಟರ್, ಅಗಲ 40ರ ಸನಿಹ. ನಿನ್ನ ಸಾಲಿ ಹುಡುಗರು ಬರೆಯೋ ಹಾಳಿಯಷ್ಟ. ಮೊದಲು ಇದನ್ನ ಯುದ್ಧನೌಕೆ ಮುಳುಗಿದ ಚಿತ್ರ ಅಂತ ಕರೀತಿದ್ರು. ಆ ಗುಂಪಿನಾಗ ಹೆಂಗಸರು ಅದಾರ, ಪ್ರಯಾಣಿಕರು ಅದಾರ. ಅದಕ್ಕ ಇದು ಈಸ್ಟ್ ಇಂಡಿಯಾ ಕಂಪನಿ ಹಡಗು, ‘ಹಾಲ್ಸ್‌ವೆಲ್’ ಅನ್ನೋದನ್ನ ಮನಸ್ಸಿನಾಗ ಇಟಗೊಂಡು ಬರೆದದ್ದು ಅಂತ ಈಗ ಬಲ್ಲವರು ಹೇಳತಾರ. ಹಾಲ್ಸ್‌ವೆಲ್ ಎಲ್ಲಿಗೆ ಹೊಂಟಿತ್ತು ಗೊತ್ತೈತೇನು? ಮದ್ರಾಸಿಗೆ.

– ನಮ್ಮ ಕಡೆಗ?

– ನಮ್ಮ ಕಡೆಗನ. ಕಂಪನಿ ಫೌಜಿಗೆ ಸಿಪಾಯಿಗಳನ್ನ ತುಂಬಿಕೊಂಡು ಹೊಂಟಿತ್ತು. 1786ರ ಜನವರಿ ತಿಂಗಳ ಆರಂಭ. ಟಿಪ್ಪು ಜೋಡಿ ಮಂಗಳೂರು ಒಪ್ಪಂದ ಆಗಿ ಆಗಿನ್ನೂ ಎರಡು ವರ್ಷ ಆಗಿದ್ದಿಲ್ಲ. ಅದ 1786ರಾಗ ಇಲ್ಲೆ ಸವಣೂರಿನ ಸುತ್ತಮುತ್ತ ಟಿಪ್ಪುಗೂ ಮರಾಠರಿಗೂ ಲಡಾಯಿ ಆತು, ಸವಣೂರು ಟಿಪ್ಪು ಕೈಗೆ ಹೋತು, ನವಾಬ ಊರು ಬಿಟ್ಟ. ಅಂಥ ಕಾಲದಾಗ ಈ ದೇಶಕ್ಕ ಬಂದೂಕು ಹಿಡಿದು ಬರಬೇಕಾಗಿದ್ದ ಮಂದಿ ಇವರು.

– ಹಂಗಾದ್ರ ಒಂದು ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಮ್ಯಾಲ ದಂಡೆತ್ತಿ ಬರೋರ ಹಡಗು ಒಡೀತು ಅಂತ ಹಿರೇಕೆರೂರಿನ ಹುಡುಗರು ಯಾಕ ಮರುಗಬೇಕು?

– ಮರುಗರಿ ಅಂತ ನಾ ಹೇಳಿಲ್ಲ. ಆದ್ರ ಆ ಡೆಕ್ಕಿನ ಮ್ಯಾಲ ಯಾರ್ಯಾರಿದ್ರು ಅನ್ನೋದನ್ನ ಕೇಳಿ ನೋಡು. ಬದುಕಿ ಬಂದ ಇಬ್ಬರು ಅಧಿಕಾರಿಗಳು, ಹೆನ್ರಿ ಮೆರಿಟನ್ ಮತ್ತು ಜಾನ್ ರೋಜರ್ಸ್, ಆ ವರ್ಷನ ಎಲ್ಲಾ ಬರೆದು ಅಚ್ಚು ಹಾಕಿಸಿದ್ರು. ಹೊಂಟ ಮೂರು-ನಾಕು ದಿನದಾಗನ ಹಿಮದ ಬಿರುಗಾಳಿ ಹಿಡೀತು. ಹಡಗಿನೊಳಗ ನೀರು ಏರಾಕ ಹತ್ತಿತು. ಹಡಗು ಉಳಿಸಾಕ ಹಾಯಿಕಂಬ ಕಡಿದು ಸಮುದ್ರಕ್ಕ ಹಾಕಿದ್ರು. ಅಂಥಾದ್ದರಾಗ ನಾವಿಕರು ಭಾಳ ಮಂದಿ ಕೈಚೆಲ್ಲಿ ತಮ್ಮ ತೂಗುಹಾಸಿಗಿ ಸೇರಿಕೊಂಡ್ರಂತ. ಪಂಪು ಹೊಡಕೋತ ನಿಂತವರು ಸಿಪಾಯಿಗಳು. ಸಮುದ್ರ ಅಂದ್ರ ಏನಂತ ಗೊತ್ತಿರದ, ಹೊಟ್ಟಿಪಾಡಿಗೆ ಫೌಜು ಸೇರಿದ ಹುಡುಗರು.

ಕ್ಯಾಪ್ಟನ್ ರಿಚರ್ಡ್ ಪಿಯರ್ಸ್ ಅಂತ. ಅವನ ಇಬ್ಬರು ಹೆಣ್ಣುಮಕ್ಕಳೂ ಅದ ಹಡಗಿನಾಗ ಇದ್ರು. ಜನವರಿ 6ರ ನಡುರಾತ್ರಿ ಕಳೆದು ಎರಡು ಗಂಟೆ ಸುಮಾರಿಗೆ ಡಾರ್ಸೆಟ್ ದಂಡಿ ಬಂಡೆಗೆ ಹಡಗು ಬಡೀತು. ಹುಡುಗ್ಯಾರನ್ನ ಉಳಿಸಾಕ ಏನಾರ ಹಾದಿ ಐತೇನು ಅಂತ ಕ್ಯಾಪ್ಟನ್ನು ರೋಜರ್ಸನನ್ನ ಕೇಳಿದ. ಇಲ್ಲ ಅಂದ ಅವ. ಹಂಗಾದ್ರ ಮಕ್ಕಳ ಜೋಡಿನ ಇರತೀನಿ ಅಂತ ಕ್ಯಾಪ್ಟನ್ ಅಲ್ಲೇ ಕುಂತ. ಹಡಗಿನಾಗ 240ಕ್ಕಿಂತ ಜಾಸ್ತಿ ಮಂದಿ. ಉಳಿದವರು 74.

– …ಸಿಪಾಯಿಗಳು ಪಂಪು ಹೊಡೆದದ್ದು ಗೊತ್ತಿದ್ದಿಲ್ಲ ನನಗ.

– ಚಿತ್ರ ನೋಡಿದ್ರ ಅದು ಗೊತ್ತಾಗೂದೂ ಇಲ್ಲ. ಚಿತ್ರದಾಗ ಯಾರು ಸಿಪಾಯಿ, ಯಾರು ನಾವಿಕ, ಯಾರು ಸಾಹುಕಾರನ ಮಗಳು ಅಂತ ಬ್ಯಾರೆ ಮಾಡಾಕ ಬರದಂಗ ಬರೆದಾನ. ಅದು ಬೇಕಂತಲೇ ಮಾಡಿದ್ದು ಅಂತ ನನ್ನ ನಂಬಿಗಿ.

– ಟರ್ನರ್ ಇದನ್ನ ಕಣ್ಣಾರೆ ಕಂಡಿದ್ನೇನ್ರಿ?

– ಎಲ್ಲೀದು! ಅವ ಹುಟ್ಟಿದ್ದು 1775ರಾಗ. ಹಡಗು ಒಡೆದಾಗ ಹತ್ತು ವರ್ಷದ ಹುಡುಗ, ಲಂಡನ್ನಿನಾಗ ಕ್ಷೌರದ ಅಂಗಡಿ ಇಟ್ಟವನ ಮಗ. 32 ವರ್ಷ ಕಳೆದಮ್ಯಾಲ ಬರೆದ. ಬರೆದದ್ದು ಯಾರಿಗೆ ಅನ್ನೋದನ್ನೂ ಕೇಳು. ವಾಲ್ಟರ್ ಫಾಕ್ಸ್ ಅಂತ ಯಾರ್ಕ್‌ಶೈರಿನ ಜಮೀನುದಾರ. ಫಾರ್ನ್‌ಲಿ ಹಾಲ್ ಅವನ ಮನಿ. ಆ ಊರು ಸಮುದ್ರದಿಂದ ದೂರ, ಒಳನಾಡು, ಹೊಲ-ಹೊಳಿ ಇರೋ ಸೀಮಿ. ತಿಳೀತಲ್ಲ? ಸಮುದ್ರ ಕಾಣದ ಊರಿನ ಗ್ವಾಡಿಗೆ ಅಂತನ ಹುಟ್ಟಿದ ಚಿತ್ರ ಇದು. ಹಿರೇಕೆರೂರಿನಾಗ ಕುಂತು ನೋಡಾಕ ನಮಗೇನು ಅಡ್ಡಿ ಇಲ್ಲ.

– ನಮ್ಮ ಹುಡುಗರು ಸಮುದ್ರ ನೋಡಿದ್ದು ಅಂದ್ರ ಸಾಲಿ ಟ್ರಿಪ್ಪಿನಾಗ ಮುರ್ಡೇಶ್ವರಕ್ಕ ಹೋದಾಗ. ಕಾಲು ತೊಯಿಸಿಕೊಂಡು, ಫೋಟೋ ತಗೊಂಡು ಬರತಾರ.

– ನೀರಿನ ಸಿಟ್ಟು ನಮ್ಮ ಸೀಮಿಗೆ ಗೊತ್ತಿಲ್ಲ ಅನ್ನಬ್ಯಾಡ. ಮಾಸೂರಿನ ಹತ್ರ ಮದಗದ ಕೆರಿ ಐತಲ್ಲ, ವಿಜಯನಗರದ ಕಾಲದ ಕೆರಿ, ಕುಮುದ್ವತಿ ನೀರಿಂದು. ಮೊದಲಿನ ಕೆರಿ ಎಷ್ಟು ದೊಡ್ಡದಿತ್ತು! ಅದರ ಏರಿ ಒಡೆದು ಹೋದಮ್ಯಾಲ ಉಳಿದ ಪಾಲನ್ನ ನಾವೀಗ ಕೆರಿ ಅಂತೀವಿ. ಅಂಥ ಏರಿ ಒಡೆಯೋದು ಅಂದ್ರ ಏನು ಅಂತ ಹೆಣ್ಣುಮಕ್ಕಳು ಹಾಡು ಕಟ್ಟಿ ಹಾಡಿದ ನಾಡು ಇದು. ನಮ್ಮ ಕಡೆ ಯಾರೂ ಅದನ್ನ ಬಣ್ಣದಾಗ ಬರೆದಿಲ್ಲ, ಅದು ಬ್ಯಾರೆ ಮಾತು. ಬರೀಬೇಕಿತ್ತು.

– ಈಗ ಬಣ್ಣದ ಮಾತಿಗೆ ಬರ್ರಿ ಸರ್. ಈ ಬಿಳುಪು ಹೆಂಗ ಬಂತು? ಹುಡುಗರು ಅಲಿ ಬರೆಯೋ ಮುಂದ ಪೋಸ್ಟರ್ ಕಲರಿನ ಬಿಳಿ ಹಚ್ಚತಾರ. ಸುಣ್ಣ ಬಳಿದಂಗ ಕಾಣತೈತಿ.

– ಇದ ನನಗ ಎಲ್ಲಕ್ಕಿಂತ ಪ್ರೀತಿ ಜಾಗ. ಇಲ್ಲಿ ಬಿಳಿ ಅಂದ್ರ ಹಾಳಿ. ಜಲವರ್ಣದಾಗ ಬೆಳಕನ್ನ ಹಚ್ಚೋದಲ್ಲ, ಉಳಿಸೋದು. ಉಳಿಸಾಕ ಆಗದಿದ್ರ ಹಚ್ಚಿದ ಬಣ್ಣ ಕಿತ್ತು ತೆಗೆಯೋದು. ಟರ್ನರ್ ಕೆಲಸ ಮಾಡೋದನ್ನ ಫಾಕ್ಸನ ಮಗ ಹಾಕ್ಸ್‌ವರ್ತ್, ಆಗಿನ್ನೂ ಹರೇದ ಹುಡುಗ, ಬಾಜೂಕ ಕುಂತು ನೋಡಿದ್ದ. 1818ರಾಗ, ಫಾರ್ನ್‌ಲಿ ಮನ್ಯಾಗ. ಹಡಗೊಂದರ ಆಕಾರ ಎಷ್ಟು ದೊಡ್ಡದಿರತೈತಿ ಅನ್ನೋದು ತಿಳಿಯೂವಂಗ ಒಂದು ಚಿತ್ರ ಬರೆದುಕೊಡು ಅಂತ ಫಾಕ್ಸ್ ಕೇಳಿದ್ದ. ಟರ್ನರ್ ಮುಂಜಾನೆ ಕುಂತ. ಹಾಳಿ ತೊಯ್ದು ತೊಪ್ಪಿ ಆಗೋಮಟ ಬಣ್ಣದ ನೀರು ಸುರಿದ. ಆಮ್ಯಾಲ ಹುಚ್ಚು ಹಿಡಿದವರಂಗ ಕೆರೆದ, ತಿಕ್ಕಿದ, ಪರಚಿದ. ನೋಡೋ ಹುಡುಗಗ ಎಲ್ಲಾ ಗೋಜಲು. ನಿಧಾನಕ್ಕ ಅದರೊಳಗಿಂದ ಹಡಗು ಎದ್ದು ಬಂತು, ಹಗ್ಗ-ಕಿಂಡಿ ಸಹಿತ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದಿತ್ತು. ಅದು ‘ಎ ಫಸ್ಟ್ ರೇಟ್ ಟೇಕಿಂಗ್ ಇನ್ ಸ್ಟೋರ್ಸ್’ ಅನ್ನೋ ಚಿತ್ರ. ಶಾಂತ ನೀರಿನಾಗ ನಿಂತ ಭಾರಿ ಯುದ್ಧನೌಕೆ, ಸಾಮಾನು ಹೇರಿಸಿಕೊಳ್ಳಾಕತ್ತೈತಿ. ನಿನ್ನ ಕೈಯಾಗಿನ ಚಿತ್ರ ಅದರ ಜೋಡಿ. ಅಳತಿ ಅಷ್ಟ, ಮನಿ ಅದ.

– ಒಂದರಾಗ ಹಡಗು ಗುಡ್ಡದಂಗ ನಿಂತೈತಿ, ಇನ್ನೊಂದರಾಗ ಒಡೆದು ಬಿದ್ದೈತಿ.

– ಹೌದು. ಎರಡನ್ನೂ ಒಂದ ಗ್ವಾಡಿ ಮ್ಯಾಲ ನೋಡಿದವರಿಗೆ ಹೆಂಗಾಗಿರಬೇಕು ವಿಚಾರ ಮಾಡು. ಟರ್ನರ್ ಒಂದು ಹೆಬ್ಬೆರಳಿನ ಉಗುರನ್ನ ಉದ್ದಕ ಬಿಟ್ಟಿದ್ದ, ಹಾಳಿ ಕೆರೆಯಾಕ ಅಂತನ. ಒದ್ದಿ ಇದ್ದಾಗ ಅರಿವಿಲೆ ಒತ್ತಿ ತೆಗೆದ್ರ ಮೆತ್ತನ್ನ ಬಿಳುಪು, ಮಂಜಿನಂಥದ್ದು. ಅರ್ಧ ಒಣಗಿದಾಗ ಉಗುರಿಲೆ ಗೀರಿದ್ರ ಹಾಳಿ ಎಳಿ ಎದ್ದು ಮುರಿದ ಅಲೆಯ ನೊರೆ. ಪೂರಾ ಒಣಗಿದಮ್ಯಾಲ ಚಾಕು ಮೊನಿಯಿಂದ ಕುಕ್ಕಿದ್ರ ಹಾರಿದ ಹನಿ. ಮೂರು ಹೊತ್ತು, ಮೂರು ಥರದ ನೀರು.

– ನಮ್ಮ ಕಾರ್ಟ್ರಿಡ್ಜ್ ಹಾಳಿ ಒಂದು ಸಲ ತಿಕ್ಕಿದ್ರ ಹರೀತೈತಿ.

– ಹರೀಲೇಬೇಕು. ಅದು ಕಟ್ಟಿಗಿ ತಿರುಳಿನ ಹಾಳಿ. ಅವನದು ಚಿಂದಿ ಅರಿವಿಯಿಂದ ಮಾಡಿದ ಹಾಳಿ, ಮ್ಯಾಲ ಅಂಟಿನ ಲೇಪ. ಬಣ್ಣ ತಟ್ಟನ ಒಳಗಿಳಿಯಂಗಿಲ್ಲ, ಮ್ಯಾಲ ಕುಂದರತೈತಿ, ಅದಕ್ಕ ಎತ್ತಾಕ ಬರತೈತಿ. ಹುಡುಗರಿಗೆ ವರ್ಷಕ್ಕ ಒಂದಾರ ಹತ್ತಿ ಹಾಳಿ ಕೊಡಸು. ಹತ್ತಿ ಬೆಳೆಯೋ ಸೀಮಿ ಮಕ್ಕಳು, ಹತ್ತಿ ಹಾಳಿ ಮುಟ್ಟದನ ಎಸ್ಸೆಸ್ಸೆಲ್ಸಿ ಮುಗಿಸಬಾರದು.

– ಕೊಡಸತೀನಿ. ನೀವು ಇದನ್ನೆಲ್ಲ ಎಲ್ಲಿ ಕಲಿತ್ರಿ?

– ಧಾರವಾಡದ ಹಾಲಭಾವಿಯವರ ಸಾಲ್ಯಾಗ. ಡಿ.ವಿ. ಹಾಲಭಾವಿಯವರು ಮುಂಬೈ ಜೆ.ಜೆ. ಕಲಾಶಾಲೆಯಾಗ ಕಲಿತು ಬಂದವರು. ಆ ಜೆ.ಜೆ. 1857ರಾಗ ಇಂಗ್ಲಿಷರ ಕಾಲಕ್ಕ ಶುರುವಾದದ್ದು, ಇಂಗ್ಲಿಷರ ಜಲವರ್ಣದ ಪದ್ಧತಿ ಅಲ್ಲಿಂದ ಬಂತು. ನಾವು ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಎಲಿ-ಹೂ ಬರೀತಿದ್ವಲ್ಲ, ಆ ‘ವಾಶ್’ ಹಾಕೋ ಕೈ ಆ ದಾರಿಲೆ ನಮ್ಮೂರ ಮಟ ನಡೆದು ಬಂದೈತಿ. ಹಂಗಂತ ಅದರಾಗ ಎಲ್ಲಾ ಅವರದ ಅನ್ನೋಹಂಗಿಲ್ಲ. ನಮ್ಮ ಕಲಾವಿದ ಕೆ. ವೆಂಕಟಪ್ಪನವರ ಊಟಿ ಚಿತ್ರ ಬೆಂಗಳೂರಿನಾಗ ನೋಡೀಯಲ್ಲ? ಅವರದು ಮಂಜು, ಮೋಡ, ಗುಡ್ಡ. ಅಲ್ಲಿ ಕೆರೆಯೋದು, ಪರಚೋದು ಕಾಣಂಗಿಲ್ಲ. ಪದರದ ಮ್ಯಾಲ ಪದರ, ಉಸಿರು ಬಿಗಿಹಿಡಿದವರ ತಾಳ್ಮೆ. ನೀರನ್ನ ನಂಬೋದರಾಗ ವೆಂಕಟಪ್ಪ ಟರ್ನರಗಿಂತ ಕಮ್ಮಿ ಇದ್ದಿಲ್ಲ ಅಂತೀನಿ ನಾ.

– ಈಗ ಬಂಡೆ ಪ್ರಶ್ನೆಗೆ ಬರ್ರಿ. ಕೈಯಾಗ ಇಟಗೊಂಡು ಕುಂತೀನಿ.

– ಅದಕ್ಕ ಮೊದಲು ನೀ ಹೇಳು. 2021ರ ಮೇ ತಿಂಗಳು, ತೌಕ್ತೆ ಚಂಡಮಾರುತ. ಕಾಪು ಎದುರಿಗೆ ಸಮುದ್ರದಾಗ ಬಂಡೆಗಳ ನಡುವ ಒಂದು ಟಗ್ ಸಿಕ್ಕೊಂಡಿತ್ತಲ್ಲ…

– ಕೋರಮಂಡಲ್ ಸಪೋರ್ಟರ್. ಒಂಬತ್ತು ಮಂದಿ ಇದ್ರು. ನೌಕಾಪಡೆ ಹೆಲಿಕಾಪ್ಟರು, ಕೋಸ್ಟ್ ಗಾರ್ಡಿನ ಬೋಟು ಹೋಗಿ ಒಂಬತ್ತೂ ಮಂದೀನ ಉಳಿಸಿದ್ರು. ಅದ ಗಾಳಿಗೆ ಇನ್ನೊಂದು ಟಗ್ ಪಡುಬಿದ್ರಿ ಕಡೆ ಮಗುಚಿ ಮಂದಿ ಸತ್ರು. ಎಲ್ಲಾ ವಿಡಿಯೋದಾಗ ನೋಡಿದ್ವಿ. ಲಾಕ್‌ಡೌನ್ ಇತ್ತು, ಮನ್ಯಾಗ ಕುಂತು ಅದನ್ನ ಮತ್ತ ಮತ್ತ ನೋಡಿದ್ವಿ.

– ಮತ್ತ ಮತ್ತ ನೋಡೋಮುಂದ ನಿನ್ನ ಮನಸ್ಸಿನಾಗ ಏನಿತ್ತು?

– ಖರೆ ಹೇಳಲೇನ್ರಿ? ಅಂಜಿಕಿ ಇತ್ತು. ಅಂಜಿಕಿ ಜೋಡಿ ಒಂದು ಥರ… ನೋಡಬೇಕು ಅನ್ನೋ ಆಸೆನೂ ಇತ್ತು. ಅಲಿ ಎಷ್ಟು ಎತ್ತರ ಎದ್ದಾವು ನೋಡು ಅಂತ. ಅದು ಛಲೋ ಅನಿಸಲಿಲ್ಲ ಆಮ್ಯಾಲ.

– ಟರ್ನರನ ಕಾಲದ ಮಂದಿ ಆ ಆಸೆಗೆ ಒಂದು ದೊಡ್ಡ ಸಿದ್ಧಾಂತನ ಕಟ್ಟಿದ್ರು. ಎಡ್ಮಂಡ್ ಬರ್ಕ್ ಅನ್ನಾಂವ 1757ರಾಗ ಪುಸ್ತಕ ಬರೆದ. ಭಯಂಕರವಾದದ್ದು ನಮ್ಮ ಮೈಮ್ಯಾಲ ಬರದಷ್ಟು ದೂರ ಇದ್ದಾಗ ಅದರಾಗ ಒಂದು ಥರದ ಸುಖ ಐತಿ, ಮನಸ್ಸು ಹಿಗ್ಗತೈತಿ ಅಂದ. ಅಲ್ಲಿಂದ ಮುಂದ ಬಿರುಗಾಳಿ, ಪ್ರಪಾತ, ಒಡೆದ ಹಡಗು, ಇವಕ್ಕ ಸಾಹುಕಾರರ ಮನ್ಯಾಗ ಬೇಡಿಕಿ. ಕಲಾವಿದರು ದಂಡಿ ಮ್ಯಾಲ ನಿಂತು ಬರೆದ್ರು. ಮುಂದ ಕರಿ ಬಂಡೆ, ಬಂಡೆ ಮ್ಯಾಲ ಕೈ ಎತ್ತಿದ ನಾಕು ಮಂದಿ, ದೂರದಾಗ ಹಡಗು. ನೋಡೋರಿಗೆ ನಿಂದರಾಕ ಗಟ್ಟಿ ನೆಲ ಇರತಿತ್ತು. ಈಗ ಈ ಚಿತ್ರದಾಗ ನಿನ್ನ ಕಾಲು ಎಲ್ಲಿ ಇಡತೀ ತೋರಿಸು.

– …ಜಾಗ ಇಲ್ಲ. ಇಟ್ರ ಆ ಡೆಕ್ಕಿನ ಮ್ಯಾಲನ. ಇಲ್ಲಾಂದ್ರ ನೀರಾಗ.

– ಅಷ್ಟ ನಾ ಹೇಳಬೇಕಾಗಿದ್ದದ್ದು. ಬಂಡೆ ಬರೆದಿದ್ರ ನಮಗ ದಂಡಿ ಸಿಗತಿತ್ತು. ದಂಡಿ ಸಿಕ್ಕಿದ್ರ ನಾವು ನೋಡೋ ಮಂದಿ ಆಗತಿದ್ವಿ. ಅವ ಅದನ್ನ ಕಸಗೊಂಡ. ಬರ್ಕ್ ಹೇಳಿದ ದೂರ ಇಲ್ಲಿ ಇಲ್ಲ. ಒಡೆದ ಹಡಗಿನ ಚಿತ್ರ ಬರೆಯೋ ಹಕ್ಕು ಕಲಾವಿದಗ ಎಲ್ಲಿಂದ ಬರತೈತಿ ಅಂತ ಯಾರಾರ ಕೇಳಿದ್ರ, ನಾ ಇದನ್ನ ತೋರಸ್ತೀನಿ.

– ಟರ್ನರ್ ಬಂಡೆ ಬರೆದೇ ಇಲ್ಲೇನ್ರಿ ಹಂಗಾದ್ರ?

– ಬರೆದಾನ, ಭಾಳ ಬರೆದಾನ. 1835ರ ಸುಮಾರಿನ ಒಂದು ಜಲವರ್ಣ ಐತಿ, ‘ಲಾಂಗ್‌ಶಿಪ್ಸ್ ಲೈಟ್‌ಹೌಸ್, ಲ್ಯಾಂಡ್ಸ್ ಎಂಡ್’. ಈಗ ಅಮೆರಿಕದ ಗೆಟ್ಟಿ ಸಂಗ್ರಹಾಲಯದಾಗೈತಿ. ಇಂಗ್ಲೆಂಡಿನ ತುತ್ತತುದಿಯ ಬಂಡೆ. ದೂರದಾಗ ದೀಪಸ್ತಂಭ, ಮಬ್ಬಿನಾಗ ಮುಚ್ಚಿ ಹೋದಂಗ. ಅಲ್ಲಿ ಹಡಗ ಇಲ್ಲ, ಒಡೆದ ಕಟ್ಟಿಗಿ ಅಷ್ಟ ತೇಲತಾವು. ಅಲಿ ಒಂದರ ಹಿಂದ ಒಂದು ಸಾಲಾಗಿ ಬರಂಗಿಲ್ಲ, ಬಂಡೆಗೆ ಬಡಿದು ಹೊಳ್ಳಿ ಬಂದ ನೀರು, ಹೊಸದಾಗಿ ಬರೋ ನೀರಿಗೆ ಡಿಕ್ಕಿ ಹೊಡೆದು ದಿಕ್ಕು ತಪ್ಪಿ ಎಲ್ಲಾ ಕಡೆ ಒದ್ದಾಡತೈತಿ. ಬಂಡೆ ಹತ್ರದ ಸಮುದ್ರ ಇರೋದ ಹಂಗ. ಕಲಾ ವಿಮರ್ಶಕ ಜಾನ್ ರಸ್ಕಿನ್ ಈ ಚಿತ್ರದ ನೀರಿನ ಬಗ್ಗೆ ಎಷ್ಟು ಬರೆದರೂ ಅವನಿಗೆ ಸಾಕಾಗಿದ್ದಿಲ್ಲ. ದೀಪಸ್ತಂಭ ಅಲ್ಲಿ 1795ರಿಂದ ನಿಂತಿತ್ತು, ಆದರೂ ಕಟ್ಟಿಗಿ ತೇಲಾಕತ್ತಾವು. ದೀಪ ಇದ್ರೂ ಹಡಗು ಒಡೀತಾವು ಅನ್ನೋದನ್ನ ಅಷ್ಟು ಸುಮ್ಮಕ ಹೇಳಿದ ಚಿತ್ರ ಇನ್ನೊಂದನ್ನ ನಾ ಕಂಡಿಲ್ಲ.

– 2018ರ ಡಿಸೆಂಬರಿನಾಗ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ನೆನಪಾತು. ಏಳು ಮಂದಿ ಮೀನುಗಾರರು. ನೌಕಾಪಡೆಯವರಿಗೆ ಅದರ ಅವಶೇಷ ಸಿಕ್ಕಿದ್ದು ಮುಂದಿನ ಮೇ ತಿಂಗಳದಾಗ, ಮಾಲ್ವಣ ಕಡೆ ಸಮುದ್ರದ ತಳದಾಗ. ಅಲ್ಲೀಮಟ ಅವರ ಮನಿಯವರಿಗೆ ನೋಡಾಕ ಒಂದು ಕಟ್ಟಿಗಿನೂ ಇದ್ದಿಲ್ಲ.

– ಅದಕ್ಕ ಚಿತ್ರ ಬರೆಯೋ ಧೈರ್ಯ ನನಗಿಲ್ಲವಾ.

– ಸರ್, ನನಗೊಂದು ತಕರಾರು ಐತಿ. ಟರ್ನರ್ ದಂಡಿ ಕಸಗೊಂಡ, ಖರೆ. ಆದ್ರ ದಂಡಿ ಮ್ಯಾಲ ಇದ್ದವರೆಲ್ಲ ಬರೇ ನೋಡೋ ಮಂದಿನ? ಆ 74 ಮಂದಿ ತಾವ ತಾವ ಉಳಿದ್ರೇನು? ಯಾರೋ ಎಳೆದಿರಬೇಕಲ್ಲ ಮ್ಯಾಲಕ್ಕ?

– ಎಳೆದ್ರು. ಅಲ್ಲೇ ಪರ್ಬೆಕ್ ಅನ್ನೋ ಸೀಮಿ, ಕಲ್ಲಿನ ಕ್ವಾರಿಗೆ ಹೆಸರಾದದ್ದು. ಹಡಗು ಒಡೆದ ಜಾಗದಾಗ ಕಡಿದಾದ ಬಂಡೆ, ಅದರ ಬುಡಕ್ಕ ಒಂದು ಗವಿ. ಬದುಕಿದವರು ಗವಿಯೊಳಗಿನ ಕಲ್ಲಿನ ಅಂಚಿಗೆ ಕಚ್ಚಿಕೊಂಡು ರಾತ್ರಿ ಕಳೆದ್ರು. ಥಂಡಿಗೆ ಕೈ ಸೋತು ಎಷ್ಟೋ ಮಂದಿ ಅಲ್ಲಿಂದನ ಬಿದ್ದು ಸತ್ರು. ಬೆಳಕು ಹರಿದ ಮ್ಯಾಲ ಹಡಗಿನ ಅಡಿಗಿಯವನೊಬ್ಬ, ಚುಕ್ಕಾಣಿ ಕೆಲಸದವನೊಬ್ಬ ಹೆಂಗೋ ಬಂಡೆ ಹತ್ತಿ ಹತ್ತಿರದ ಮನಿಗೆ ಹೋಗಿ ಸುದ್ದಿ ಹೇಳಿದ್ರು. ಆ ಮನಿಯಾಂವ ಕ್ವಾರಿ ಉಸ್ತುವಾರಿ ನೋಡಾಂವ. ಕ್ವಾರಿ ಆಳುಗಳನ್ನ ಕೂಡಿಸಿಕೊಂಡು, ಹಗ್ಗ ತಗೊಂಡು ಬಂದ. ಬಂಡೆ ಅಂಚಿಗೆ ಇಬ್ಬರು ಸೊಂಟಕ್ಕ ಹಗ್ಗ ಕಟಗೊಂಡು ಬಾಗಿ ನಿಂತ್ರು, ಅವರನ್ನ ಹಿಂದಿನವರು ಹಿಡಿದ್ರು. ಕುಣಿಕಿ ಹಾಕಿದ ಹಗ್ಗ ಕೆಳಗ ಬಿಟ್ರು. ಇಡೀ ದಿನ ಎಳೆದ್ರು. ಕಡೀ ಸಿಪಾಯಿ ಮ್ಯಾಲ ಬಂದದ್ದು ಮರುದಿನ ಮುಂಜಾನೆ.

– ಅವರು ಈ ಚಿತ್ರದಾಗ ಇಲ್ಲ.

– ಇಲ್ಲ. ಟರ್ನರ್ ನಿಲ್ಲಿಸಿದ ಗಳಿಗ್ಯಾಗ ಅವರಿನ್ನೂ ಮಲಗಿದ್ರು. ನಡುರಾತ್ರಿ ಅದು.

– ಗಳಿಗಿ ಆರಿಸಿದವ ಅವನ ಅಲ್ರಿ? ಬ್ಯಾರೆ ಗಳಿಗಿ ಆರಿಸಬಹುದಿತ್ತು. ನಾ ಸಾಲ್ಯಾಗ ಈ ಚಿತ್ರ ತೋರಿಸತೀನಿ. ಆದ್ರ ಮೊದಲು ಕಥಿ ಹೇಳತೀನಿ, ಹಗ್ಗದ ಕಥಿ ಸಹಿತ.

– ಬ್ಯಾಡ. ಕಥಿ ಕೇಳಿದ ಹುಡುಗ ಚಿತ್ರದಾಗ ಕಥಿನ ಹುಡುಕತಾನ, ಬಣ್ಣ ನೋಡಂಗಿಲ್ಲ. ಮೊದಲು ಚಿತ್ರ ಕೊಡು, ಹತ್ತು ನಿಮಿಷ ಸುಮ್ಮಕಿರು.

– ಹತ್ತು ನಿಮಿಷ ಸುಮ್ಮಕಿದ್ರ ಅವರು ಆ ವಿಡಿಯೋ ನೋಡಿದಂಗ ನೋಡತಾರ. ನನಗ ಅದ ಬ್ಯಾಡಾಗೈತಿ. ಮೊದಲು 240 ಮಂದಿ ಅಂತ ಗೊತ್ತಿರಬೇಕು, ಪಂಪು ಹೊಡೆದವರು ಗೊತ್ತಿರಬೇಕು. ಆಮ್ಯಾಲ ಬಂಡೆ ಮ್ಯಾಗಿಂದ ಕಂಡಂಗ ಅವರ ಒಂದು ಚಿತ್ರ ಬರೀಲಿ, ಕ್ವಾರಿಯವರ ಕಣ್ಣಿನಿಂದ.

– ಅದು ಅನಕೊಂಡಷ್ಟು ಹಗುರಿಲ್ಲ. ಮ್ಯಾಲ ನಿಂತವರಿಗೆ ಗವಿಯೊಳಗಿನ ಮಂದಿ ಕಾಣತಿದ್ದಿಲ್ಲ. ಬಂಡೆ ಮುಂದಕ್ಕ ಚಾಚಿತ್ತು. ಗಾಳಿಗೆ ಹಗ್ಗ ಒಳಗ ಹೊಯ್ದಾಡಿದಾಗ ಕೆಳಗಿನವರು ಹಿಡಕೊಬೇಕು, ಹಗ್ಗ ಭಾರ ಆತು ಅಂದಾಗ ಇವರು ಎಳೀಬೇಕು. ಯಾರನ್ನ ಎಳಿಯಾಕತ್ತೀವಿ ಅಂತ ಗೊತ್ತಿಲ್ಲ, ಸಾಹೇಬನೋ ಸಿಪಾಯಿಯೋ.

– ಹಂಗಾದ್ರ ಹಗ್ಗ ಹಿಡಿದವರನ್ನ ಅಷ್ಟ ಬರೀಲಿ. ಕೆಳಗಿನವರು ಕಾಣೋದು ಬ್ಯಾಡ.

– ಅದು ಆಗಬಹುದು. ಭಾರ ಎಳೆಯೋ ಮೈ ಬರೆಯೋದು ಕಷ್ಟ, ಹಿಮ್ಮಡಿ ಹೆಂಗ ಊರತೈತಿ, ಬೆನ್ನು ಹೆಂಗ ಬಾಗತೈತಿ. ಎದುರಿಗೆ ಯಾರಾರ ನಿಂತು ತೋರಿಸಬೇಕು.

– ಎಂಟನೇತ್ಯಾಗ ಇಬ್ಬರು ಹುಡುಗರ ಅಪ್ಪಂದಿರು ಕಲ್ಲಿನ ಕೆಲಸಕ್ಕ ಹೋಗತಾರ. ಸಾಲಿಗೆ ಬರ್ರಿ ಅಂತ ಅವರನ್ನ ಕೇಳತೀನಿ. ಹಗ್ಗ ನಾ ತರತೀನಿ, ನೀವು ಹಾಳಿ ಹೆಂಗ ತೊಯಿಸಬೇಕು ಅಂತ ಕಲಿಸಾಕ ಬರ್ರಿ.